ಮಣ್ಣಿನ ಬತ್ತಿ

ಗಾಜಿನ ಹಲಗೆಯ ಮೇಲೆ ಅಂಗೈಯಿಟ್ಟು
ಹಸಿ ಜೇಡಿಯನ್ನು ಹೊಸೆಯುತ್ತೇನೆ, ಬತ್ತಿಯ ಹಾಗೆ.
ಮೂರು ಮಿಲಿಮೀಟರ್ ದಪ್ಪಕ್ಕೆ ಇಳಿದಾಗ, ಸರಿಯಾಗಿ ಆಗಲೇ,
ಅದು ಬಿರಿಯಬೇಕು.
ಮೊದಲೇ ಬಿರಿದರೆ ಒಣಗಿದೆ.
ಬಿರಿಯದಿದ್ದರೆ ಇನ್ನೂ ನೀರಿದೆ, ಮುದ್ದೆ ಮಾಡು, ಮತ್ತೆ ಹೊಸೆ.
ಲಾನ್ಸೆಸ್ಟನ್ನಿನ ಈ ತಗಡಿನ ಶೆಡ್ಡಿನಲ್ಲಿ ನನಗೆ ಸಂಬಳ
ಮಣ್ಣಿನ ತಾಳ್ಮೆ ಎಲ್ಲಿಗೆ ಮುಗಿಯುತ್ತದೆಂದು
ಅಂಕಿಯಲ್ಲಿ ಬರೆದುಕೊಡುವುದಕ್ಕೆ.

ತನಹುಂನಲ್ಲಿ ಅಜ್ಜಿ ಒಂದು ಕಾರ್ತೀಕಕ್ಕೆ
ಲಕ್ಷ ಬತ್ತಿ ಹೊಸೆದಿದ್ದಳು, ತೊಡೆಯ ಮೇಲೆ.
ಎಣಿಕೆ ತಪ್ಪಿದರೆ? ಅಂದಿದ್ದೆ.
ಎಣಿಸುವವನು ಮೇಲಿದ್ದಾನೆ, ನಮ್ಮದೇನಿದ್ದರೂ ಹೊಸೆಯುವುದು, ಅಂದಿದ್ದಳು.

ಇಲ್ಲಿ ಹಾಗಲ್ಲ ಅಜ್ಜಿ, ಎಣಿಸುವವಳೂ ನಾನೇ.
ವಯಸ್ಸಿಗೆ ಮೂವತ್ತು, ಇಂಗ್ಲಿಷಿಗೆ ಇಪ್ಪತ್ತು,
ಡಿಗ್ರಿಗೆ ಹದಿನೈದು,
ದೊಡ್ಡ ಊರು ಬಿಟ್ಟು ಈ ದ್ವೀಪದ ಚಳಿಯಲ್ಲಿ ಓದಿದ್ದಕ್ಕೆ ಐದು,
ಮದುವೆಯಾಗದೆ ಉಳಿದದ್ದಕ್ಕೆ ಹತ್ತು.
ಊರಲ್ಲಿ ಚಿಕ್ಕಮ್ಮಂದಿರು ತಲೆ ಚಚ್ಚಿಕೊಳ್ಳುವುದು
ಇದೇ ಹತ್ತಕ್ಕೆ.

ತಾಯಿನುಡಿ ಬರುತ್ತದೆಂದು ತೋರಿಸಿದರೆ ಇನ್ನೂ ಐದು.
ಒಂದು ತಿಂಗಳ ಬಾಡಿಗೆಯಷ್ಟು ಶುಲ್ಕ ಕಟ್ಟಿ, ಹೆಡ್‌ಫೋನ್ ಸಿಕ್ಕಿಸಿ,
ಯಾವನೋ ಬ್ಯಾಂಕಿನವನ ಮಾತನ್ನು
ಯಾವಳೋ ಮುದುಕಿಗೆ ನೇಪಾಳಿಯಲ್ಲಿ ದಾಟಿಸಬೇಕು.
ಮೊದಲ ಸಲ ನಪಾಸು.
ಅಡಮಾನಕ್ಕೆ ನಮ್ಮ ಮಾತಲ್ಲಿ ಏನನ್ನುತ್ತಾರೆ?
ಹೊಳೆಯಲೇ ಇಲ್ಲ.
ಒತ್ತೆಯಿಡುವಂಥದ್ದು ನಮ್ಮ ಮನೆಯಲ್ಲಿ ಏನಿತ್ತು, ಮಾತಾದರೂ ಇರಲು?

ಪಕ್ಕದ ಕೋಣೆಯ ರುಡೊ, ಹರಾರೆಯವಳು, ದಾದಿ,
ಅವಳ ಕಾಗದ ಹನ್ನೊಂದೇ ತಿಂಗಳಿಗೆ ಬಂತು.
ಹೋಗುವಾಗ ತನ್ನ ಕುಕ್ಕರು, ಅರ್ಧ ಚೀಲ ಜೋಳದ ಹಿಟ್ಟು ಬಿಟ್ಟುಹೋದಳು.
ಸಂತೋಷಪಟ್ಟೆ. ನಿಜಕ್ಕೂ ಪಟ್ಟೆ.
ಆ ಕುಕ್ಕರನ್ನು ಮಾತ್ರ ಎರಡು ತಿಂಗಳು ಮುಟ್ಟಲಿಲ್ಲ.

ನನ್ನದು ಇಂಜಿನಿಯರ್ ಕೆಲಸವೇ, ಬರೀ ಜರಡಿ ತೊಳೆಯುವುದಲ್ಲವೆಂದು
ಯಜಮಾನನಿಂದ ಪತ್ರ ಬೇಕಿತ್ತು.
ಲಾಯ್ಡನ ಬಾಯಿಗೆ ಬುಢಾಥೋಕಿ ಹಿಡಿಸುವುದಿಲ್ಲ,
ನಾಲ್ಕು ವರ್ಷದಿಂದ ನಾನು ಅವನಿಗೆ ಬಡ್.
ಚಹಾದ ಬಿಡುವಿನಲ್ಲಿ, ಮಣ್ಣುಗೈಯಲ್ಲೇ ಬರೆದ:
'ನೆಲ ಸುಳ್ಳು ಹೇಳಿದರೆ ಮೊದಲು ಗೊತ್ತಾಗುವುದು ಇವಳಿಗೆ.'
ಅಷ್ಟೇ. ಕೆಳಗೆ ಸಹಿ.
ಇದು ನಡೆಯುವುದಿಲ್ಲ ಲಾಯ್ಡ್, ಕರ್ತವ್ಯಗಳು ಬೇಕು,
ವಾರಕ್ಕೆ ಎಷ್ಟು ಗಂಟೆಯೆಂದು ಬೇಕು.
ಗೊಣಗುತ್ತ ಮತ್ತೊಂದು ಬರೆದ, ಕಚೇರಿಯ ಭಾಷೆಯಲ್ಲಿ, ನೀಟಾಗಿ.
ಅದನ್ನು ಕಳಿಸಿದೆ. ಮೊದಲಿನದು ನನ್ನ ಹತ್ತಿರವಿದೆ.

ನಿನ್ನೆ ರಾತ್ರಿಯವರೆಗೆ ನನಗೆ ಮೂವತ್ತೆರಡು.
ಹನ್ನೆರಡು ಹೊಡೆದರೆ ವಯಸ್ಸಿನ ಮೂವತ್ತು ಇಪ್ಪತ್ತೈದು.
ತಾಯಿನುಡಿ ಕೊಟ್ಟ ಐದನ್ನು
ತಾಯಿ ಹೆತ್ತ ದಿನ ಬಂದು ಎತ್ತಿಕೊಂಡು ಹೋಗುತ್ತದೆ.
ಕರೆ ಬಂದಿತೇ ಎಂದು ಮೇಲ್ ತೆರೆದೆ, ಮುಚ್ಚಿದೆ, ತೆರೆದೆ.
ಒಂದು ಚಪ್ಪಲಿ ಅಂಗಡಿಯವರು ಮಾತ್ರ ಶುಭಾಶಯ ಕೋರಿದ್ದರು,
ಶೇಕಡಾ ಹದಿನೈದು ರಿಯಾಯಿತಿ.

ಅಮ್ಮ ಫೋನು ಮಾಡಿದಳು, ಅಲ್ಲಿ ದೀಪ ಹಚ್ಚುವ ಹೊತ್ತು.
ಐದು ಹೋದ ಕತೆ ಕೇಳಿ, ತಡೆದು, ಅಂದಳು:
ನೀನು ಹುಟ್ಟಿದ್ದು ಕೋಳಿ ಕೂಗುವಾಗ.
ಇನ್ನೂ ಹತ್ತು ಗಂಟೆಯಿದೆ ನಿನಗೆ ವಯಸ್ಸಾಗಲು.
ಅವರಿಗೆ ಹೇಳು. ಸೂಲಗಿತ್ತಿ ಇನ್ನೂ ಬದುಕಿದ್ದಾಳೆ,
ಬೇಕಾದರೆ ಸಾಕ್ಷಿ ನುಡಿಯುತ್ತಾಳೆ.
ನಕ್ಕೆ. ನಗುತ್ತ ನಗುತ್ತ ಮೂಗು ಒರೆಸಿಕೊಂಡೆ,
ಅವಳಿಗೆ ಕೇಳಿಸದ ಹಾಗೆ.

ಬೆಳಿಗ್ಗೆ ಏಳಕ್ಕೆ ಶೆಡ್ಡು.
ನದಿದಂಡೆಯ ಹೊಸ ಬಡಾವಣೆಯ ಮಣ್ಣು, ಆರು ಚೀಲ.
ಯಾರದೋ ಮನೆ, ಯಾರದೋ ಸಾಲ
ನಾನು ಬರೆಯುವ ಅಂಕಿಯ ಮೇಲೆ ನಿಲ್ಲಬೇಕು.
ಹೊಸೆದೆ. ಬಿರಿಯಲಿಲ್ಲ.
ಮತ್ತೆ ಹೊಸೆದೆ, ಅಂಗೈ ಬಿಸಿಗೆ ತೇವ ಆರುವಷ್ಟು.
ಮೂರನೆಯ ಸಲಕ್ಕೆ ಸಣ್ಣಗೆ ಬಿರಿಯಿತು, ಸದ್ದಿಲ್ಲದೆ.
ತೂಗಿದೆ, ಒಲೆಗಿಟ್ಟೆ, ಲೆಕ್ಕ ಬರೆದೆ.
ಪರೀಕ್ಷಿಸಿದವರು ಎಂಬಲ್ಲಿ ಪೂರ್ತಿ ಹೆಸರು ಬರೆದೆ:
ಪವಿತ್ರಾ ಬುಢಾಥೋಕಿ.
ತಾರೀಖು ಹಾಕುವಾಗ
ಪೆನ್ನು ತುಸು ನಿಂತಿತು.